ಮೇಸ್ತ್ರಿಯ ಡಬ್ಬ

ಮೂರನೇ ಸಲವೂ ಡಾಕ್ಟರು ಮೇಸ್ತ್ರಿಯ ಕಿವಿಯ ಹಿಂದಿನ ಕೂದಲು ಬಿಡಿಸಿ ನೋಡಿ, ಕೈಗವಸು ಕಳಚಿ, ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ರೋಗ ನಾಯಿಗಲ್ಲ, ನನಗೇ ಎನ್ನುವಂತಿತ್ತು ಆ ನೋಟ.

"ಏನು ಕೊಡ್ತಿದೀರಿ ಇವನಿಗೆ?"

"ನೀವು ಹೇಳಿದ್ದನ್ನೇ."

"ಅದೊಂದೇನಾ?"

"ಅದೊಂದೇ, ಡಾಕ್ಟ್ರೇ."

"ಎಲ್ಲರೂ ಹಾಗೇ ಹೇಳ್ತಾರೆ ಕಣಮ್ಮ. ಆಮೇಲೆ ನೋಡಿದ್ರೆ ಅಜ್ಜಿ ಬಿಸ್ಕತ್ತು ಕೊಡ್ತಿರ್ತಾರೆ, ಪಕ್ಕದ ಮನೆಯವರು ಬ್ರೆಡ್ ಎಸೀತಿರ್ತಾರೆ. ನಿಮ್ಮ ಮನೇಲಿ ಯಾರೋ ಕೈ ಆಡಿಸ್ತಿದಾರೆ. ಹೋಗಿ ಹುಡುಕು. ಬೇರೆ ಒಂದೇ ಒಂದು ಕಾಳು ಬಾಯಿಗೆ ಹೋದರೂ ಎಲ್ಲ ಮೊದಲಿಂದ ಶುರು."

ಮೇಸ್ತ್ರಿ ಮೇಜಿನ ಮೇಲೆ ನಿಂತೇ ಹಿಂಗಾಲಿನಿಂದ ಪಕ್ಕೆ ಕೆರೆದುಕೊಂಡ. ಮೇಜು ಗಡಗಡ ಅಂದಿತು.

ಮರಿಯಾಗಿದ್ದಾಗಿನಿಂದ ಯಾರು ಬಂದರು, ಯಾರು ಹೋದರು, ಯಾರ ಚಪ್ಪಲಿ ಎಲ್ಲಿದೆ ಎಂದು ತಪಾಸಣೆ ಮಾಡುತ್ತ ಓಡಾಡಿದ್ದರಿಂದ ಅವನಿಗೆ ಆ ಹೆಸರು. ಈಗ ತಪಾಸಣೆಗೆ ಬಿಡುವಿಲ್ಲ, ಕೆರೆದುಕೊಳ್ಳುವುದೇ ಕೆಲಸ. ಹೊಟ್ಟೆಯ ಅಡಿ ಕೆಂಪು, ಬಾಲದ ಬುಡದಲ್ಲಿ ಕೂದಲಿಲ್ಲ, ಹತ್ತಿರ ಹೋದರೆ ಹುಳಿ ವಾಸನೆ. ಚಿಗಟವಿಲ್ಲ, ಹುಳುವಿಲ್ಲ ಎಂದು ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ಊಟದ ಕಡೆ ಬೆರಳು ತೋರಿಸಿದ್ದರು.

ಅಣ್ಣನೂ ಬೆರಳು ತೋರಿಸಿದ್ದ, ಬಾಗಿಲ ಕಡೆಗೆ. ಅತ್ತಿಗೆ ಬಸುರಿ. "ಈ ಭಾನುವಾರದವರೆಗೆ ನೋಡ್ತೀನಿ. ಮೈ ನೆಟ್ಟಗಾಗ್ಲಿಲ್ಲ ಅಂದ್ರೆ ನನ್ನ ಸ್ನೇಹಿತನ ಗೋಡೌನಿಗೆ ಬಿಟ್ಟು ಬರ್ತೀನಿ. ಕಾವಲಿಗಿರ್ಲಿ" ಎಂದಿದ್ದ.

ಅಪ್ಪ ಏನೂ ಹೇಳಿರಲಿಲ್ಲ. ಅಪ್ಪ ದರ್ಜಿ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಆಯಸ್ಸು ಕಳೆದವರು. ಅಂಗಡಿ ಮುಚ್ಚಿ ಮುಂದಿನ ಕೋಣೆಗೆ ಯಂತ್ರ ತಂದ ಮೇಲೂ ಸೂಜಿ ತೆಗೆದು ನಮ್ಮೊಡನೆ ಮಾತಾಡಿದ್ದು ಕಡಿಮೆ. ಹೇಳುವುದೇನಿದ್ದರೂ ಮೇಸ್ತ್ರಿಗೆ ಹೇಳುತ್ತಾರೆ. "ಮೇಸ್ತ್ರಿ, ನಿಮ್ಮಕ್ಕ ಇವತ್ತೂ ಕೊಡೆ ಮರೆತಳು ಕಣೋ." ನಾನು ತಿರುಗಿ ಬಂದು ಕೊಡೆ ತೆಗೆದುಕೊಳ್ಳುತ್ತೇನೆ. "ಮೇಸ್ತ್ರಿ, ನಿಮ್ಮಮ್ಮ ಕುಂಟ್ತಿದಾಳೆ, ಕಾಲಿಗೆ ಎಣ್ಣೆ ಹಚ್ಕೊಳ್ಳೋಕೆ ಹೇಳು." ಒಳಗಿನಿಂದ ಅಮ್ಮ, "ಹಚ್ಕೊಂಡಾಯ್ತು ಅಂತ ಹೇಳೋ" ಎನ್ನುತ್ತಾಳೆ. ಅವರಿಬ್ಬರ ನಡುವೆ ಬೇರೆ ದಾರಿಯೇ ಉಳಿದಿಲ್ಲ. ಆ ನಾಯಿ ಗೋಡೌನಿಗೆ ಹೋದ ಮರುದಿನ ನಮ್ಮ ಮನೆ ಹೇಗಿರುತ್ತದೆ ಎಂದು ಯೋಚಿಸಿದಾಗಲೆಲ್ಲ ನನಗೆ ಹೊಲಿಗೆ ಯಂತ್ರದ ಸದ್ದೊಂದೇ ಕೇಳಿಸುತ್ತಿತ್ತು.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಜನರಿಂದ ಸಣ್ಣ ಅಕ್ಷರ ಓದಿಸುವುದೇ ನನ್ನ ಕಸುಬಾದ್ದರಿಂದ ಮೇಸ್ತ್ರಿಗೆ ಅಂಗಡಿಯ ಸಿದ್ಧ ಊಟದ ಚೀಲ ಆರಿಸುವ ಹೊಣೆಯೂ ನನ್ನ ತಲೆಗೇ ಬಂತು. ಡಾಕ್ಟರು ಪಾಠ ಮಾಡಿದ್ದರು. ಮುಂದಿನ ಚಿತ್ರ ನೋಡಬೇಡ, ಚೀಲ ತಿರುಗಿಸು. ಒಳಗೆ ಹಾಕಿದ್ದರ ಪಟ್ಟಿಯಲ್ಲಿ ಮೊದಲು ಯಾವುದರ ಹೆಸರಿದೆ ನೋಡು. ಬರೀ ಮಾಂಸ ಅಂತ ಬರೆದು ಯಾವ ಪ್ರಾಣಿಯದು ಅಂತ ಹೇಳದಿದ್ದರೆ ವಾಪಸ್ ಇಡು. ಇವನ ವಯಸ್ಸಿಗೆ ಅದೊಂದೇ ಪೂರ್ತಿ ಊಟವಾಗುತ್ತೋ ನೋಡು. ಬಣ್ಣ ಹಾಕಿದ್ದರೆ ಬೇಡ, ಬಣ್ಣ ಬೇಕಾಗಿರುವುದು ಕೊಳ್ಳುವವರಿಗೆ, ತಿನ್ನುವವನಿಗಲ್ಲ.

ಅಲ್ಲಿಯವರೆಗೆ ಅವನು ತಿನ್ನುತ್ತಿದ್ದದ್ದು ಅಣ್ಣ ತಂದ ದೊಡ್ಡ ಚೀಲದ್ದು. ಮೊದಲ ಹೆಸರು ಮೆಕ್ಕೆಜೋಳ. ಕಾಳುಗಳಿಗೆ ಕೆಂಪು ನಕ್ಷತ್ರದ, ಹಸಿರು ಮೂಳೆಯ ಆಕಾರ. ಮಕ್ಕಳ ಹುಟ್ಟುಹಬ್ಬದ ತೋರಣದಂತಿತ್ತು. ನಾನು ನಾಯಿ ಸಾಮಾನಿನ ಅಂಗಡಿಯಲ್ಲಿ ಚೀಲಗಳನ್ನು ಒಂದೊಂದಾಗಿ ತಿರುಗಿಸಿ, ಕಡೆಗೆ ಮೀನಿನ ಹೆಸರು ಮೊದಲಿದ್ದ, ಬಣ್ಣವಿಲ್ಲದ, ಮಣ್ಣಿನಂಥ ಕಾಳಿನ ಚೀಲ ತಂದೆ. ಕೆರೆತ ನಿಲ್ಲಲಿಲ್ಲ. ಕುರಿಮಾಂಸದ್ದು ತಂದೆ. ನಿಲ್ಲಲಿಲ್ಲ. ಡಾಕ್ಟರೇ ಬರೆದುಕೊಟ್ಟ ಮೂರನೆಯದನ್ನೂ ತಂದೆ. ಕೆರೆತ ಮಾತ್ರ ನಮ್ಮ ಮನೆಯ ಗಡಿಯಾರದ ಹಾಗೆ, ಯಾರು ಕೇಳಲಿ ಬಿಡಲಿ, ನಡೆದೇ ಇತ್ತು.

ಆ ದಿನ ಆಸ್ಪತ್ರೆಯಿಂದ ಬಂದವಳೇ ಎಲ್ಲರನ್ನೂ ತರಾಟೆಗೆ ತೆಗೆದುಕೊಂಡೆ.

"ಅತ್ತಿಗೆ, ನಿಜ ಹೇಳಿ. ಬಿಸ್ಕತ್ತು ಏನಾದ್ರೂ..."

"ಅಯ್ಯೋ ಪುಣ್ಯಾತ್ಗಿತ್ತಿ, ತಿಂದದ್ದು ನನ್ನ ಹೊಟ್ಟೇಲೇ ನಿಲ್ತಿಲ್ಲ. ನಿನ್ನ ನಾಯಿಗೆಲ್ಲಿಂದ ಕೊಡ್ಲಿ?"

"ಅಪ್ಪಾ?"

ಅಪ್ಪ ಬಾಯಿಂದ ಸೂಜಿಗಳನ್ನು ತೆಗೆದರು. "ಮೇಸ್ತ್ರಿ, ನಮ್ಮಿಬ್ಬರ ಮೇಲೂ ಅನುಮಾನ ಬಂದಿದೆ ಕಣೋ." ಸೂಜಿಗಳು ಮತ್ತೆ ಬಾಯಿಗೆ ಹೋದವು.

ಅಮ್ಮ ಮಾತ್ರ ಕೆರಳಿದಳು. "ಬೆಳಿಗ್ಗೆ ಸಂಜೆ ಅಳೆದು ಹಾಕೋಳು ನಾನು. ನೀನು ಹೇಗೆ ಹೇಳಿದ್ಯೋ ಹಾಗೇ ಮಾಡ್ತಿದೀನಿ. ಒಂದಿಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಬೇಕಾದ್ರೆ ಬಂದು ನೋಡು."

ನೋಡಿಯೇ ಬಿಡೋಣ ಎಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಳಿತೆ. ಮೇಸ್ತ್ರಿಯ ಡಬ್ಬದಲ್ಲಿ ಕಾಳು ಮುಗಿಯುತ್ತ ಬಂದಿತ್ತು. ಅಮ್ಮ ಹೊಸ ಚೀಲದ ಬಾಯಿ ಕತ್ತರಿಸಿ ಡಬ್ಬಕ್ಕೆ ಸುರಿದಳು. ಸರಿ. ಸೆರಗಿಗೆ ಕೈ ಒರೆಸಿಕೊಂಡಳು. ಅದೂ ಸರಿ. ಆಮೇಲೆ ಸ್ಟೂಲು ಎಳೆದು, ನೋಯುವ ಕಾಲನ್ನು ನಿಧಾನವಾಗಿ ಎತ್ತಿಟ್ಟು ಹತ್ತಿ, ಅಟ್ಟದ ಮೇಲಿನಿಂದ ಏನನ್ನೋ ಎಳೆದಳು. ಅಣ್ಣ ತಂದಿದ್ದ ಆ ದೊಡ್ಡ ಚೀಲ. ಬಾಯನ್ನು ನೀಟಾಗಿ ಮಡಚಿ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿತ್ತು. ಅದರಿಂದ ಒಂದು ಲೋಟ ತುಂಬಿ ತಂದು ಡಬ್ಬಕ್ಕೆ ಹಾಕಿ, ಅಡಿಯಿಂದ ಮೇಲಕ್ಕೆ ಕೈಯಾಡಿಸಿದಳು. ಬೆರಳುಗಳ ಸಂದಿಯಲ್ಲಿ ಕೆಂಪು ನಕ್ಷತ್ರಗಳು ಕಂಡವು.

"ಅಮ್ಮಾ, ಏನಿದು?"

"ಏನು ಏನಿದು? ಬೆರೆಸ್ತಿದೀನಿ."

"ಯಾಕೆ?"

"ನೀನೇ ಅಲ್ವೇನೇ ಹೇಳಿದ್ದು? ಹೊಸದನ್ನ ಒಂದೇ ಸಲ ಕೊಡಬಾರದು, ಹಳೇದರ ಜೊತೆ ಬೆರೆಸಿ ಕೊಡು, ಹೊಟ್ಟೆ ಕೆಡತ್ತೆ ಅಂತ. ಚಪ್ಪಲಿ ಹಾಕ್ಕೊಳ್ತಾ ಹೇಳಿದೆ."

"ಅದು ಮೊದಲನೇ ವಾರಕ್ಕೆ! ದಿನಾ ಹಳೇದು ಕಡಿಮೆ ಮಾಡ್ತಾ ಮಾಡ್ತಾ ನಿಲ್ಲಿಸ್ಬೇಕಿತ್ತು!"

"ನಿಲ್ಲಿಸು ಅಂತ ಯಾವತ್ತು ಹೇಳಿದೆ?"

ನಾನು ಡಬ್ಬದೊಳಗೆ ಇಣುಕಿದೆ. ಮೂರು ಬಗೆಯ ಊಟ, ಓದಿದ ಅಷ್ಟೆಲ್ಲ ಸಣ್ಣ ಅಕ್ಷರ, ಡಾಕ್ಟರ ಬೈಗುಳ. ಎಲ್ಲದರ ಒಳಗೂ ಆ ನಕ್ಷತ್ರಗಳು ಹಾಯಾಗಿ ಮಲಗಿದ್ದವು. ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಅವತ್ತೇ ಎಸೀಬೇಕಿತ್ತಮ್ಮ ಅದನ್ನ."

"ಎಸಿಯೋದಾ? ಮುಕ್ಕಾಲು ಚೀಲ ಇತ್ತು. ತಾರೀಖು ನೋಡಿದೀನಿ, ಇನ್ನೂ ಮುಗಿದಿಲ್ಲ. ನೀನೇ ಕಲಿಸಿದ್ದು, ತಾರೀಖು ನೋಡು ಅಂತ."

ಅಷ್ಟರಲ್ಲಿ ಅಣ್ಣ ಬೈಕಿನ ಬದಲು ಎಲ್ಲಿಂದಲೋ ತಂದಿದ್ದ ವ್ಯಾನಿನ ಕೀಲಿ ತಿರುಗಿಸುತ್ತ ಒಳಗೆ ಬಂದ. "ಎಲ್ಲಿ ಮೇಸ್ತ್ರಿ? ಬೆಲ್ಟು ಹಾಕು. ಗೋಡೌನಿನವನು ಕಾಯ್ತಿದಾನೆ."

ನಾನು ಡಬ್ಬವನ್ನು ಎತ್ತಿ ಅವನ ಮೂಗಿನ ಕೆಳಗೆ ಹಿಡಿದೆ. "ನೋಡು. ನೀನು ತಂದಿದ್ದು. ಇಷ್ಟು ದಿನವೂ ಇದನ್ನೇ ತಿಂದಿದಾನೆ. ಹೊಸದು ಇನ್ನೂ ಶುರುವೇ ಆಗಿಲ್ಲ."

ಅವನು ಒಂದು ಕೆಂಪು ಕಾಳನ್ನು ಹೆಕ್ಕಿ ತಿರುಗಿಸಿ ನೋಡಿದ. ಅಮ್ಮನನ್ನು ನೋಡಿದ. "ಅಮ್ಮಾ..." ಎಂದು ಶುರುಮಾಡಿ, ಚೀಲ ಹೊತ್ತು ತಂದಿದ್ದು ತಾನೇ ಎಂಬುದು ನೆನಪಾಗಿ ಕಾಳನ್ನು ಮತ್ತೆ ಡಬ್ಬಕ್ಕೇ ಹಾಕಿದ. ಅಮ್ಮ ಸ್ಟೂಲಿನ ಮೇಲೆ ಕುಳಿತು ಕಾಲು ನೀವಿಕೊಳ್ಳುತ್ತಿದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

"ಎರಡು ತಿಂಗಳು ಕೊಡು," ಎಂದೆ. "ಮಗು ಬರೋದು ಅದಾದ್ಮೇಲೆ ತಾನೆ? ಆಗಲೂ ಹೀಗೇ ಇದ್ರೆ ನಾನೇ ಬೆಲ್ಟು ಹಾಕಿ ಕೊಡ್ತೀನಿ."

ಅಣ್ಣ ಕೀಲಿಯನ್ನು ಜೇಬಿಗಿಳಿಸಿ ಫೋನು ಹಚ್ಚಿದ. "ಹಲೋ... ಇಲ್ಲ ಮಾರಾಯ, ಇವತ್ತು ತರಲ್ಲ. ಇಲ್ಲ, ನಾಯಿ ಸರಿಯಾಗೇ ಇದೆ. ನಾವೇ ಸರಿ ಇಲ್ಲ."

ಬಾಗಿಲಲ್ಲಿ ಅಪ್ಪ ನಿಂತಿದ್ದರು, ಕಾಲ ಬಳಿ ಮೇಸ್ತ್ರಿ. ಬಾಯಲ್ಲಿ ಸೂಜಿ ಇರಲಿಲ್ಲ. ನನ್ನ ಕೈಯಿಂದ ಡಬ್ಬ ತೆಗೆದುಕೊಂಡು ಅದರಲ್ಲಿದ್ದದ್ದನ್ನೆಲ್ಲ ದೊಡ್ಡ ಚೀಲದೊಳಗೆ ಸುರಿದರು. ಹೊಸದೂ ಅದರೊಂದಿಗೇ ಹೋಯಿತು. ಅಮ್ಮ ಕಣ್ಣು ಮುಚ್ಚಿಕೊಂಡಳು. ಅಪ್ಪ ಚೀಲವನ್ನು ಹೆಗಲಿಗೇರಿಸಿದರು.

"ಮೇಸ್ತ್ರಿ," ಎಂದರು, "ನಿಮ್ಮಮ್ಮನಿಗೆ ಹೇಳು, ತಪ್ಪು ಅವಳದಲ್ಲ. ಆದರೆ ಇನ್ನು ಬೆರೆಸೋದು ಸಾಕು."

ಮೇಸ್ತ್ರಿ ಅಮ್ಮನ ಕಡೆ ನೋಡಿ, ಕುಳಿತು, ಹಿಂಗಾಲೆತ್ತಿ ಕಿವಿ ಕೆರೆದುಕೊಂಡ.

"ಸರಿ ಅಂತ ಹೇಳೋ," ಎಂದಳು ಅಮ್ಮ, ಕಣ್ಣು ಬಿಡದೆ. "ಇದನ್ನ ಮೊದಲೇ ಹೇಳ್ಬಾರದಿತ್ತಾ ಅಂತಾನೂ ಕೇಳು."

ನಾನು ಖಾಲಿ ಡಬ್ಬವನ್ನು ಬಚ್ಚಲಿಗೆ ಒಯ್ದು, ಸೋಪು ಹಾಕಿ, ಕೋಪವೆಲ್ಲ ತೀರುವವರೆಗೂ ತಿಕ್ಕಿದೆ.