ಭಾವ ಪರದೆಯಲ್ಲಿ ಕಂಡದ್ದು

ನನ್ನ ಭಾವ ಯಾವ ಕೋಣೆಯಿಂದಲೂ ಬೆನ್ನು ತಿರುಗಿಸಿ ಹೊರಗೆ ಹೋದವರಲ್ಲ. ಮಹಾರಾಜರ ಸನ್ನಿಧಿಯಿಂದ ನಿರ್ಗಮಿಸುವ ದೂತನ ಹಾಗೆ, ಮುಖವನ್ನು ನಮ್ಮ ಕಡೆಗೇ ಇಟ್ಟುಕೊಂಡು, ಮೊಣಕಾಲು ಕೊಂಚ ಬಾಗಿಸಿ, ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ಹಿಂದುಹಿಂದಕ್ಕೆ ಸರಿದು ಅಂತರ್ಧಾನರಾಗುತ್ತಿದ್ದರು. ಫುಟ್‌ಬಾಲ್ ರೆಫರಿಯಾಗಿ ಅರ್ಧ ಆಯುಷ್ಯ ಸವೆಸಿದವರ ಕಾಲುಗಳಿಗೆ ಇದು ಸಹಜ. ಚೆಂಡಿಗೆ ಬೆನ್ನು ತೋರಿಸಿದ ರೆಫರಿ ಶತ್ರುವಿಗೆ ಬೆನ್ನು ತೋರಿಸಿದ ವೀರನಿಗಿಂತ ಕಡೆ. ಆದರೆ ಬ್ಯಾಂಕಿನ ಸಾಲಿನಿಂದ, ಹಲ್ಲಿನ ಡಾಕ್ಟರ ಕೋಣೆಯಿಂದ, ನನ್ನ ಅಕ್ಕನ ಬೈಗುಳದ ಮಧ್ಯದಿಂದ ಅವರು ಹೀಗೆಯೇ ಹಿಮ್ಮುಖವಾಗಿ ಹೊರಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತನಗೆ ಇಷ್ಟು ಮರ್ಯಾದೆ ಕೊಟ್ಟ ರೋಗಿಯನ್ನು ಹಿಂದೆ ಕಂಡಿರದ ಹಲ್ಲಿನ ಡಾಕ್ಟರು ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ರೆಫರಿಗಳಿಗೆ ಗಿಣಿಹಸಿರು, ನಿಂಬೆಹಳದಿ ಅಂಗಿಗಳು ಬಂದ ಮೇಲೂ ಮೈದಾನದ ಹೊರಗೆ ಅವರು ತೊಡುತ್ತಿದ್ದುದು ಮೊಣಕೈ ಸವೆದ, ಹಳೆಯ ಕಾಲದ ರೆಫರಿಯ ಅದೇ ಕರಿಕೋಟು. ಅದರ ತೋಳಿನಿಂದ ಹೊರಬರುವ ತೋರುಬೆರಳು ಒಮ್ಮೆ ಚಾಚಿತೆಂದರೆ ಮುಗಿಯಿತು, ದೇವಲೋಕದಲ್ಲೂ ಅದಕ್ಕೆ ಮೇಲ್ಮನವಿ ಇಲ್ಲ. ಈ ಬೆರಳಿಗೆ ಬಲಿಯಾದವರಲ್ಲಿ ನಾನೂ ಒಬ್ಬ. ಅವರು ನಮ್ಮ ಮನೆಯ ಅಳಿಯರಾದ ಹೊಸತರಲ್ಲಿ ಒಂದು ಸಂಜೆ, ಊಟದ ಕೋಣೆಯಿಂದ ತಮ್ಮ ಪದ್ಧತಿಯಂತೆ ನಿರ್ಗಮಿಸುತ್ತಿದ್ದಾಗ, ಬಾಗಿಲ ಪಕ್ಕದಲ್ಲಿದ್ದ ಅಕ್ಕನ ನೀಲಿ ಗಾಜಿನ ಹೂದಾನಿ ಫಳಾರನೆ ಚೂರಾಯಿತು. ಭಾವ ಗಿರಕ್ಕನೆ ತಿರುಗಿದರು. ಅಲ್ಲಿ ನಾನು ಕೈಕಟ್ಟಿಕೊಂಡು ನಿಂತಿದ್ದೆ. ಬೆರಳು ಚಾಚಿತು.

“ನೀನೇ.”

“ಭಾವ, ನಿಮ್ಮ ಹಿಮ್ಮಡಿ...”

“ವಾದ ಬೇಡ.”

ಅಂದಿನಿಂದ ನಮ್ಮ ವಂಶದ ಇತಿಹಾಸದಲ್ಲಿ ನಾನು ಹೂದಾನಿಭಂಜಕ. ಮದುವೆ, ನಾಮಕರಣ ಎಲ್ಲಿ ಹೋದರೂ ನೆಂಟರು ನನ್ನನ್ನು ಕಂಡೊಡನೆ ಗಾಜಿನ ಲೋಟಗಳನ್ನು ಎತ್ತಿಡುತ್ತಾರೆ.

ಇಂಥವರ ಕಾಲದಲ್ಲೇ ಆಟಕ್ಕೆ ವಿಡಿಯೊ ಬಂತು. ಎಲ್ಲೋ ಒಂದು ಮುಚ್ಚಿದ ಕೋಣೆಯಲ್ಲಿ ಸಹಾಯಕರು ಕೂತು ಎಲ್ಲ ಕ್ಯಾಮೆರಾಗಳ ಚಿತ್ರವನ್ನೂ ನೋಡುತ್ತಾರೆ. ತೀರ್ಪು ತಪ್ಪೆನಿಸಿದರೆ ರೆಫರಿಯ ಕಿವಿಯಲ್ಲಿ ಪಿಸುಗುಡುತ್ತಾರೆ. ರೆಫರಿ ಗಾಳಿಯಲ್ಲಿ ಬೆರಳಿನಿಂದ ಒಂದು ಚೌಕ ಬರೆದು, ಮೈದಾನದ ಅಂಚಿನಲ್ಲಿಟ್ಟ ಪರದೆಯ ಬಳಿ ಹೋಗಿ ತಾನೇ ನೋಡಿ ನಿರ್ಧರಿಸುತ್ತಾನೆ. ಬೇರೆ ರೆಫರಿಗಳು ಪರದೆಯತ್ತ ಹೊರಟರೆಂದರೆ ತೀರ್ಪು ಬದಲಾಯಿತೆಂದೇ ಲೆಕ್ಕ. ಭಾವ ಹೋಗುತ್ತಿದ್ದರು, ನೋಡುತ್ತಿದ್ದರು, ಬಂದು ಮೊದಲು ಹೇಳಿದ್ದನ್ನೇ ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದರು. ಪತ್ರಿಕೆಯವರು ಅವರಿಗೆ ‘ಕಲ್ಲುಬೆರಳು’ ಎಂದು ಹೆಸರಿಟ್ಟರು. ಭಾವ ಅದನ್ನು ಬಿರುದೆಂದು ಸ್ವೀಕರಿಸಿದರು. ಮನೆಯಲ್ಲೂ ಅದೇ ಕತೆ. ಚಹಾಕ್ಕೆ ಸಕ್ಕರೆಯೇ ಹಾಕಿಲ್ಲವೆಂದು ಅವರು ಸಾರಿದಾಗ ಅಕ್ಕ ಮಾತಾಡದೆ ಗಾಳಿಯಲ್ಲಿ ಚೌಕ ಬರೆಯುವಳು. ಭಾವ ಲೋಟ ಬಗ್ಗಿಸಿ, ತಳದಲ್ಲಿ ಕರಗದೆ ಕೂತ ಸಕ್ಕರೆಯ ಗುಡ್ಡೆಯನ್ನು ಗಂಭೀರವಾಗಿ ಪರಾಂಬರಿಸಿ, ಹಾಕಿಲ್ಲ ಎಂದೇ ಹೇಳುವರು.

ನಿವೃತ್ತಿಯ ವರ್ಷ ಬಂತು. ಅಷ್ಟು ವರ್ಷ ದುಡಿದರೂ ಅವರಿಗೆ ಒಮ್ಮೆಯೂ ಫೈನಲ್ ಪಂದ್ಯ ಸಿಕ್ಕಿರಲಿಲ್ಲ. ಈ ಸಲದ ಸೆಮಿಫೈನಲ್ ಗಲಾಟೆಯಿಲ್ಲದೆ ಮುಗಿದರೆ ಫೈನಲ್ ಅವರದೇ ಎಂದು ರೆಫರಿ ಸಮಿತಿಯ ಅಧ್ಯಕ್ಷರು ಮಾತು ಕೊಟ್ಟಿದ್ದರು. ಅಕ್ಕ ಆಗಲೇ ಕರಿಕೋಟನ್ನು ಇಸ್ತ್ರಿಗೆ ಕಳಿಸಿದ್ದಳು.

ಆಟ ಸಮಸಮವಾಗಿ ಮುಗಿಯುತ್ತ ಬಂದಿತ್ತು. ಗೋಲಿನ ಮುಂದೆ ಆಟಗಾರನೊಬ್ಬ ಬಾಣ ತಗುಲಿದ ಜಿಂಕೆಯಂತೆ ಚೀರಿ ನೆಲಕ್ಕುರುಳಿದ. ಸೀಟಿ ಮೊಳಗಿತು, ಬೆರಳು ಚಾಚಿತು, ಪೆನಾಲ್ಟಿ. ಮರುಕ್ಷಣವೇ ಭಾವ ಕಿವಿಗೆ ಕೈಯಿಟ್ಟು ಆಲಿಸಿ, ಗಾಳಿಯಲ್ಲಿ ಚೌಕ ಬರೆದು ಪರದೆಯತ್ತ ನಡೆದರು. ಪರದೆಯ ಹಿಂಬದಿಯ ಸಾಲಿನಲ್ಲೇ ನಾನೂ ಅಕ್ಕನೂ ಕೂತಿದ್ದೆವು. ಅವರ ಮುಖ ನಮಗೆ ನೇರ ಕಾಣುತ್ತಿತ್ತು. “ನೋಡ್ತಿರು ಅಕ್ಕ, ಹೂದಾನಿ ಒಡೆದಿದ್ದು ನಾನೇ ಅಂತ ಮತ್ತೆ ಹೇಳ್ತಾರೆ” ಎಂದೆ. ಅಕ್ಕ ನಗಲಿಲ್ಲ. ಭಾವ ಎಂದೂ ಅಷ್ಟು ಹೊತ್ತು ಪರದೆಯ ಮುಂದೆ ನಿಂತವರಲ್ಲ. ನೋಡನೋಡುತ್ತ ಅವರ ಮುಖದ ಬಿಗಿಯೆಲ್ಲ ಸಡಿಲಿತು. ಆಮೇಲೆ ಮೈದಾನಕ್ಕೆ ಮರಳಿ, ಆ ಕಲ್ಲುಬೆರಳನ್ನು ಅಡ್ಡಡ್ಡ ಆಡಿಸಿ, ಪೆನಾಲ್ಟಿ ಇಲ್ಲವೆಂದರು. ಸೂರ್ಯ ಒಂದು ಗೇಣು ಹಿಂದಕ್ಕೆ ಸರಿದಿದ್ದರೂ ಗ್ಯಾಲರಿ ಅಷ್ಟು ನಿಶ್ಶಬ್ದವಾಗುತ್ತಿರಲಿಲ್ಲ. ಟೀವಿಯವರು ಮತ್ತೆ ಮತ್ತೆ ತೋರಿಸಿದರು: ಬಿದ್ದವನನ್ನು ಯಾರೂ ಮುಟ್ಟಿರಲಿಲ್ಲ. ಬದಲಾದ ತೀರ್ಪು ನೂರಕ್ಕೆ ನೂರು ಸರಿ.

ಮನೆಗೆ ಬರುವ ದಾರಿಯಲ್ಲಿ, ಕಾರಿನೊಳಗೆ, ಭಾವ ನಿಜ ಬಿಚ್ಚಿಟ್ಟರು. ಪರದೆ ಕಪ್ಪಗಿತ್ತು. ಯಾರದೋ ಕಾಲಿಗೆ ಸಿಕ್ಕಿ ತಂತಿ ಕಿತ್ತುಬಂದು, ಒಂದೇ ಒಂದು ಚಿತ್ರವೂ ಮೂಡಿರಲಿಲ್ಲ. ‘ನೀವೇ ಒಮ್ಮೆ ನೋಡಿಬಿಡಿ ಸಾರ್’ ಎಂದಷ್ಟೇ ಹೇಳಿ ಕಿವಿಯೊಳಗಿನ ದನಿಯೂ ಸತ್ತಿತ್ತು.

“ರೀ, ಹೇಗಿದ್ರೂ ತೀರ್ಪು ಸರಿಯಾಗಿದೆ. ಕೇಳಿದ್ರೆ ನೋಡಿದೆ ಅಂದ್ಬಿಡಿ” ಎಂದಳು ಅಕ್ಕ.

“ನೋಡಿದ್ದಂತೂ ಹೌದು” ಎಂದರು ಭಾವ.

ಮನೆ ಸೇರುವಷ್ಟರಲ್ಲಿ ಅಧ್ಯಕ್ಷರ ಫೋನು. ಹೊಗಳಿಕೆಯ ಮಳೆ ಸುರಿಸಿ, ಕೊನೆಗೆ ಲೋಕಾಭಿರಾಮವಾಗಿ, ಯಾವ ಕ್ಯಾಮೆರಾದ ಚಿತ್ರ ನೋಡಿ ಮನಸ್ಸು ಬದಲಾಯಿಸಿದಿರಿ ಎಂದು ವಿಚಾರಿಸಿದರು. ಅಕ್ಕ ಎದುರಿಗೆ ನಿಂತು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು.

“ಪರದೆ ಕಪ್ಪಗಿತ್ತು ಸಾರ್. ಅದ್ರಲ್ಲಿ ನನ್ನ ಮುಖ ಕಾಣಿಸ್ತು, ಅಷ್ಟೇ. ಆ ಮುಖ ನೋಡಿದ್ರೇ ಗೊತ್ತಾಗ್ತಿತ್ತು, ಇವನು ಏನೂ ನೋಡಿಲ್ಲ, ಚೀರಿದ್ದು ಕೇಳಿ ಸೀಟಿ ಊದಿದಾನೆ ಅಂತ.”

ಚಿತ್ರ ನೋಡದೆ ತೀರ್ಪು ಬದಲಿಸಲು ಆ ಪಂದ್ಯಾವಳಿಯ ನಿಯಮದಲ್ಲಿ ಅವಕಾಶವಿರಲಿಲ್ಲ. ಸರಿಯಾದ ಊರನ್ನು ತಪ್ಪು ದಾರಿಯಿಂದ ತಲುಪಿದ ಅಪರಾಧಕ್ಕಾಗಿ ಫೈನಲ್ ಬೇರೆಯವರ ಪಾಲಾಯಿತು.

ಆ ಫೈನಲ್ಲನ್ನು ಭಾವ ನಮ್ಮ ಮನೆಯಲ್ಲಿ, ಇಸ್ತ್ರಿಯಾದ ಕರಿಕೋಟು ತೊಟ್ಟು, ಟೀವಿಯ ಮುಂದೆ ನೆಟ್ಟಗೆ ಕೂತು ನೋಡಿದರು. ಆಟ ಮುಗಿದು ನಾನು ಟೀವಿ ಆರಿಸಿದ ಮೇಲೂ ಆ ಕಪ್ಪು ಗಾಜನ್ನೇ ದಿಟ್ಟಿಸುತ್ತಿದ್ದರು. ದುಃಖವಿರಬೇಕೆಂದುಕೊಂಡೆವು ಅಕ್ಕನೂ ನಾನೂ. ನಿಧಾನಕ್ಕೆ ನನ್ನ ಕಡೆ ತಿರುಗಿ, ಗಾಳಿಯಲ್ಲಿ ಒಂದು ಚೌಕ ಬರೆದರು.

“ಆ ಹೂದಾನಿ... ಅದು ನನ್ನ ಹಿಮ್ಮಡಿನೇ ಕಣಯ್ಯ.”

ಅಕ್ಕ ಸೊಂಟಕ್ಕೆ ಕೈಯಿಟ್ಟು ಎದ್ದಳು. ಭಾವ ಕೂಡಲೇ ಮುಖ ನಮ್ಮ ಕಡೆಗಿಟ್ಟು, ಮೊಣಕಾಲು ಬಾಗಿಸಿ, ಹಿಂದುಹಿಂದಕ್ಕೆ ಸರಿಯತೊಡಗಿದರು. ನಾನು ಓಡಿಹೋಗಿ ಬಾಗಿಲ ಬಳಿಯ ಗಾಜಿನ ದೀಪದ ಬುಡ್ಡಿಯನ್ನು ಎತ್ತಿಕೊಂಡೆ.

ಚಿತ್ರ ಸಮೇತ ತೋರಿಸಿದರೂ ತಮ್ಮ ತಪ್ಪನ್ನು ಒಪ್ಪದ ಜನರಿಂದಲೇ ಈ ಲೋಕ ಕಿಕ್ಕಿರಿದಿದೆ. ನನ್ನನ್ನೂ ಆ ಗುಂಪಿಗೇ ಸೇರಿಸಿಕೊಳ್ಳಿ. ಏನೂ ಕಾಣದ ಕಪ್ಪು ಪರದೆಯಲ್ಲಿ ತಮ್ಮ ತಪ್ಪನ್ನು ಓದಿ, ಕೇಳಿದವರಿಗೆ ಓದಿ ಹೇಳುವವರು ಅಪೂರ್ವಕ್ಕೆ ಒಬ್ಬರು ಹುಟ್ಟುತ್ತಾರೆ. ಅಂಥವರು ಮನೆಗೊಬ್ಬರಿದ್ದರೆ ಸಾಕು. ಇಬ್ಬರಾದರೆ ಗಾಜಿನ ಸಾಮಾನು ಉಳಿಯುವುದಿಲ್ಲ.