ಜೇನು ಒಪ್ಪಿದ ಟೈರು

ಅವಳನ್ನು ಊರಿನವರೆಲ್ಲ ಜೇನಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತೆರಡು. ಹಿತ್ತಿಲಲ್ಲಿ ಸಾಲಾಗಿ ಇಟ್ಟ ಜೇನುಪೆಟ್ಟಿಗೆಗಳು, ಬಾಗಿಲ ಮುಂದೆ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಹಳೆಯ ಜೀಪು, ಇಷ್ಟೇ ಅವಳ ಆಸ್ತಿ. ಜೀಪಿನ ಹಿಂಭಾಗ ತೆರೆದದ್ದು; ಸುತ್ತ ಹಲಗೆ ಕಟ್ಟಿತ್ತು. ಬೆಟ್ಟದ ಮೇಲಿನ ಹಣ್ಣಿನ ತೋಟಗಳು ವರ್ಷಕ್ಕೊಮ್ಮೆ ಹೂ ಬಿಟ್ಟಾಗ ಪೆಟ್ಟಿಗೆಗಳನ್ನೆಲ್ಲ ಅದರಲ್ಲಿ ಹೇರಿಕೊಂಡು ಮೇಲಕ್ಕೆ ಒಯ್ಯುತ್ತಿದ್ದಳು. ಹೂ ಇರುವುದು ಹತ್ತು ಹನ್ನೆರಡು ದಿನ. ಅಷ್ಟರಲ್ಲಿ ಜೇನುನೊಣ ಹೂವಿಂದ ಹೂವಿಗೆ ಓಡಾಡದಿದ್ದರೆ ಮರದಲ್ಲಿ ಕಾಯಿ ಕಚ್ಚುವುದಿಲ್ಲ.

ಹೋದ ವರ್ಷ ಎಡವಟ್ಟಾಗಿತ್ತು. ತೋಟಕ್ಕೆ ಹೋಗುವ ದಾರಿಯಲ್ಲಿ ಅರವತ್ತೆರಡು ಕಿಲೋಮೀಟರು ಟಾರು, ಆಮೇಲೆ ಒಂಬತ್ತು ಕಿಲೋಮೀಟರು ಮಣ್ಣು. ಆ ಮಣ್ಣುದಾರಿಯ ನಡುವೆ ಒಂದು ಏರು ಬರುತ್ತದೆ, ಜೇಡಿಮಣ್ಣಿನದು. ಮಳೆ ಬಿದ್ದರೆ ಕಾಲಿಟ್ಟಲ್ಲೆಲ್ಲ ಜಾರುತ್ತದೆಂದು ಡ್ರೈವರುಗಳು ಅದಕ್ಕೆ 'ಸೋಪು' ಎಂದೇ ಹೆಸರಿಟ್ಟಿದ್ದರು. ಜೇನಕ್ಕನ ಜೀಪಿಗೆ ಆಗ ಇದ್ದದ್ದು ಟಾರು ರಸ್ತೆಯ ನುಣ್ಣನೆ ಟೈರು. ಸೋಪಿನ ಅರ್ಧಕ್ಕೆ ಹೋಗಿ ಚಕ್ರ ತಿರುಗಿದ್ದೇ ತಿರುಗಿದ್ದು, ಜೀಪು ಮಾತ್ರ ಒಂದಿಂಚು ಮುಂದೆ ಹೋಗಲಿಲ್ಲ. ಟ್ರ್ಯಾಕ್ಟರು ಬಂದು ಎಳೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬಾಗಿಲು ಮುಚ್ಚಿದ ಪೆಟ್ಟಿಗೆಗಳು ಬಿಸಿಲಿಗೆ ಕಾದು, ಮೂವತ್ತರಲ್ಲಿ ಆರು ಪೆಟ್ಟಿಗೆಯ ನೊಣಗಳು ಒಳಗೇ ಬೆಂದು ಸತ್ತವು. ಮೇಣ ಕರಗಿ ಜೇನಿನ ಎರಿಗಳು ಒಂದರ ಮೇಲೊಂದು ಕುಸಿದಿದ್ದವು. ಜೇನಕ್ಕ ಅಳಲಿಲ್ಲ. ಆರೂ ಪೆಟ್ಟಿಗೆಗಳನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದಳು.

ತೋಟದವರ ಸಂಘದ ಅಧ್ಯಕ್ಷೆ ಖಡಕ್ ಹೆಂಗಸು. ಈ ವರ್ಷ ಅವರು ಜೇನಕ್ಕನ ಜೊತೆಗೆ ಜೇನು ಸಾಕುವ ಇನ್ನೊಬ್ಬನನ್ನೂ ಕರೆದಿದ್ದರು. ಅವನ ಹತ್ತಿರ ನಲವತ್ತೆಂಟು ಪೆಟ್ಟಿಗೆ, ಸಾಗಿಸಲು ಸ್ವಂತ ಲಾರಿ.

"ಬೇಜಾರು ಮಾಡ್ಕೋಬೇಡಿ ಜೇನಕ್ಕ. ಹೂವು ಯಾರಿಗೂ ಕಾಯಲ್ಲ. ಈ ಸಲ ಯಾರು ಸಮಯಕ್ಕೆ ಬರ್ತಾರೋ, ಮುಂದಿನ ವರ್ಷದಿಂದ ಇಡೀ ಬೆಟ್ಟ ಅವರಿಗೇ" ಎಂದಿದ್ದರು.

ಮನೆಗೆ ಬಂದು ಜೇನಕ್ಕ ಹೇಳಿದ್ದು ಒಂದೇ ಮಾತು: "ಟೈರು ಬದಲಾಯಿಸ್ಬೇಕು."

ಅವಳು ಇದ್ದದ್ದು ಅಣ್ಣ ಅತ್ತಿಗೆಯ ಜೊತೆ. ಅಣ್ಣ ಬಸ್ ಡ್ರೈವರಾಗಿ ನಿವೃತ್ತನಾದವನು. ಗಾಡಿಯ ವಿಷಯ ಬಂದರೆ ಅವನದೇ ಕೊನೆಯ ಮಾತು.

"ತಂಗಿ, ಮಡ್ ಟೈರ್ ಹಾಕ್ಸು. ಎರಡನೇ ಯೋಚನೆ ಬೇಡ. ಅದರ ಹಲ್ಲು ನೋಡಿದ್ದೀಯಾ? ಮೊಸಳೆ ಹಲ್ಲು! ಸೋಪಲ್ಲ, ಬೆಣ್ಣೆ ಬೆಟ್ಟ ಆದ್ರೂ ಹತ್ತುತ್ತೆ. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದ ಕೈ ಇದು, ಸುಮ್ನೆ ಹೇಳ್ತಿಲ್ಲ."

"ಮೂವತ್ತು ವರ್ಷಾನೂ ಓಡ್ಸಿದ್ದು ಟಾರು ರಸ್ತೇಲೇ ಅಲ್ವಾ?" ಎಂದಳು ಅತ್ತಿಗೆ, ಬಟ್ಟೆ ಮಡಿಸುತ್ತಲೇ. "ನೀವು ಮಣ್ಣು ಕಂಡಿದ್ದು ಡಿಪೋದ ಹೂಕುಂಡದಲ್ಲಿ."

ಮರುದಿನ ಮೂವರೂ ಟೈರಂಗಡಿಗೆ ಹೋದರು. ಹೋಗುವಾಗ ಜೇನಕ್ಕ ಜೀಪಿನ ಹಿಂದೆ ಒಂದು ಜೇನುಪೆಟ್ಟಿಗೆಯನ್ನೂ ಹಗ್ಗ ಬಿಗಿದು ಇಟ್ಟುಕೊಂಡಳು. ಯಾಕೆಂದು ಅಣ್ಣ ಕೇಳಿದ. "ಆಮೇಲೆ ಗೊತ್ತಾಗುತ್ತೆ" ಎಂದಳು.

ಅಂಗಡಿಯ ತುಂಬ ಹೊಸ ರಬ್ಬರಿನ ವಾಸನೆ. ನೆಲದಿಂದ ಸೂರಿನವರೆಗೆ ಟೈರುಗಳ ಕರಿ ಕಂಬಗಳು. ಮೂಲೆಯಲ್ಲಿ ಪಂಕ್ಚರ್ ನೋಡುವ ನೀರಿನ ತೊಟ್ಟಿ. ಅಂಗಡಿಯ ಯಜಮಾನ ಅರವತ್ತು ದಾಟಿದವನು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಜೀಪಿನ ಸುತ್ತ ಒಂದು ಸುತ್ತು ಬಂದ. ಸವೆದ ಟೈರಿನ ಮೇಲೆ ಬೆರಳಾಡಿಸಿ ಕೇಳಿದ: "ಟಾರು ಎಷ್ಟು, ಮಣ್ಣೆಷ್ಟು?"

"ಅರವತ್ತೆರಡು, ಒಂಬತ್ತು."

"ಭಾರ?"

"ಇಪ್ಪತ್ನಾಲ್ಕು ಪೆಟ್ಟಿಗೆ. ಐದು ಕ್ವಿಂಟಾಲ್ ದಾಟುತ್ತೆ."

ಯಜಮಾನನ ಮುಖ ಅರಳಿತು. "ಜನ ಬಂದು ಯಾವ ಟೈರು ನೋಡೋಕೆ ಚೆಂದ ಅಂತ ಕೇಳ್ತಾರೆ. ಲೆಕ್ಕ ಹೇಳಿದವ್ರು ನೀವೇ ಮೊದಲು."

ಅವನು ಮೂರು ಬಗೆಯ ಟೈರು ಉರುಳಿಸಿಕೊಂಡು ಬಂದ. ಮೊದಲನೆಯದು ಹಳೆಯದರಂಥದೇ ನುಣ್ಣನೆಯದು. ಅದನ್ನು ಜೇನಕ್ಕ ಕಾಲಲ್ಲೇ ಪಕ್ಕಕ್ಕೆ ಸರಿಸಿದಳು. ಎರಡನೆಯದು ಮಡ್ ಟೈರು. ಹಲ್ಲುಗಳ ನಡುವೆ ಎರಡು ಬೆರಳು ಇಳಿಯುವಷ್ಟು ಸಂದು. ಅಣ್ಣ ಅದನ್ನು ಮಗುವಿನ ಬೆನ್ನು ತಟ್ಟುವಂತೆ ತಟ್ಟಿದ. ಮೂರನೆಯದು ಎರಡಕ್ಕೂ ನಡುವಿನದು. ಹಲ್ಲುಗಳು ಒತ್ತಾಗಿದ್ದವು, ಆದರೆ ಅಂಚಿನಲ್ಲಿ ಒರಟು. ಇದು ಟಾರಿಗೂ ಆಯಿತು ಮಣ್ಣಿಗೂ ಆಯಿತು, 'ಆಲ್ ಟೆರೇನ್' ಅಂತಾರೆ ಎಂದ ಯಜಮಾನ.

"ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಅನ್ನಿ" ಎಂದ ಅಣ್ಣ.

ಜೇನಕ್ಕ ಯಜಮಾನನ ಕಡೆ ತಿರುಗಿದಳು. "ನಂದೊಂದು ಷರತ್ತಿದೆ. ಟೈರು ಆರಿಸೋದು ನಾನೂ ಅಲ್ಲ, ನಮ್ಮಣ್ಣನೂ ಅಲ್ಲ. ನನ್ನ ನೊಣಗಳು."

ಯಜಮಾನನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ, ತನ್ನ ಸ್ವಂತ ಜೀಪಿನ ಕೀಲಿ ತಂದ. ಅದಕ್ಕೆ ಮಡ್ ಟೈರೇ ಇತ್ತು.

ಪೆಟ್ಟಿಗೆಯನ್ನು ಆ ಜೀಪಿಗೆ ಸಾಗಿಸಿದರು. ಯಜಮಾನ ಓಡಿಸಿದ, ಜೇನಕ್ಕ ಹಿಂದೆ ಕೂತು ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಊರಿದಳು. ಟಾರು ರಸ್ತೆಗೆ ಬಂದು ವೇಗ ಐವತ್ತಾಗುತ್ತಿದ್ದಂತೆ ಟೈರು ಒಂದೇ ಸಮನೆ ಗುಂಯ್‌ಗುಡತೊಡಗಿತು. ಆ ನಡುಕ ತಗಡಿನ ನೆಲದಿಂದ ಅವಳ ಮೊಣಕಾಲಿಗೆ, ಮೊಣಕಾಲಿಂದ ಹಲ್ಲಿಗೆ ಏರಿತು. ಪೆಟ್ಟಿಗೆಯ ಒಳಗಿಂದ ಅದಕ್ಕೆ ಉತ್ತರ ಬಂದಂತೆ ನೊಣಗಳ ಸದ್ದೂ ಏರಿತು. ಅರ್ಧ ಗಂಟೆಗೆ ವಾಪಸು ಬಂದಾಗ ಗಾಳಿಯಾಡಲು ಬಿಟ್ಟ ಜಾಲರಿಯ ಮೇಲೆ ನೊಣಗಳು ಮುಗಿಬಿದ್ದು ಅದು ಕಪ್ಪಗಾಗಿತ್ತು. ಮುಚ್ಚಳ ಕೈಗೆ ಬಿಸಿ ತಾಗುತ್ತಿತ್ತು.

"ಹೀಗೆ ಅರವತ್ತೆರಡು ಕಿಲೋಮೀಟರು ಹೋದ್ರೆ ಸೋಪಿನ ತನಕ ಹೋಗೋದೇ ಬೇಡ. ದಾರೀಲೇ ಬೇಯ್ತವೆ" ಎಂದಳು.

ನೊಣಗಳಿಗೆ ಒಂದು ಗಂಟೆ ನೆರಳಿನಲ್ಲಿ ವಿರಾಮ ಕೊಟ್ಟರು. ಅಷ್ಟರಲ್ಲಿ ಯಜಮಾನ ಅಂಗಡಿಯಲ್ಲಿದ್ದ ಒಂದು ಜೊತೆ ಹಳೆಯ ಆಲ್ ಟೆರೇನ್ ಟೈರುಗಳನ್ನು ಅವಳ ಜೀಪಿನ ಹಿಂದಿನ ಚಕ್ರಗಳಿಗೆ ಹಾಕಿಸಿದ. ಮತ್ತೆ ಅದೇ ರಸ್ತೆ, ಅದೇ ವೇಗ. ಈ ಸಲ ಜೇನಕ್ಕನ ಅಂಗೈಗೆ ತಾಗಿದ್ದು ಸಣ್ಣ ಮಿಡಿತ ಮಾತ್ರ. ಅವಳು ಮುಚ್ಚಳಕ್ಕೆ ಕಿವಿಯಿಟ್ಟಳು. ಒಳಗೆ ಗೂಡು ತನ್ನ ಪಾಡಿಗೆ ತಾನಿತ್ತು.

"ಇವೇ" ಎಂದಳು, ಇಳಿಯುತ್ತಲೇ. "ಹಾವೂ ಸಾಯ್ಬೇಕು, ಕೋಲೂ ಮುರೀಬಾರದು."

ಅಣ್ಣ ಪಟ್ಟು ಬಿಡಲಿಲ್ಲ. "ಸರಿ ಹಾಗಾದ್ರೆ, ಇದರಲ್ಲೇ ಅಗಲದ್ದು ಹಾಕ್ಸು. ಜೀಪಿಗೂ ಒಂದು ಗತ್ತು ಬರುತ್ತೆ."

"ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಸ್ವಾಮಿ" ಎಂದ ಯಜಮಾನ. "ಆ ಏರು ನಾನೂ ಬಲ್ಲೆ. ಮೇಲೆ ನಾಲ್ಕು ಬೆರಳು ಜೇಡಿ, ಕೆಳಗೆ ಗಟ್ಟಿ ನೆಲ. ಅಗಲದ ಟೈರು ಜೇಡಿ ಮೇಲೇ ತೇಲುತ್ತೆ. ಇದು ಸೀಳ್ಕೊಂಡು ಕೆಳಗೆ ಹೋಗಿ ನೆಲ ಮುಟ್ಟುತ್ತೆ." ಆಮೇಲೆ ಜೇನಕ್ಕನಿಗೆ ಹೇಳಿದ: "ನಿಮಗೆ ಸುಳ್ಳು ಹೇಳಲ್ಲ. ಕೆಸರಲ್ಲಿ ಇದು ಮಡ್ ಟೈರಿನಷ್ಟು ಕಚ್ಚಲ್ಲ. ಆ ಕೊರತೆ ನೀವು ಗಾಳಿಯ ಹದದಲ್ಲಿ ತುಂಬ್ಕೋಬೇಕು. ಟಾರಿನ ಮೇಲೆ ಗಾಳಿ ಮೂವತ್ತೈದು ಪೌಂಡ್ ಇರಲಿ. ಏರು ಬಂದಾಗ ಹದಿನೆಂಟಕ್ಕೆ ಇಳಿಸಿ. ಟೈರು ಬೆಕ್ಕಿನ ಪಾದದ ಹಾಗೆ ಉದ್ದಕ್ಕೆ ಹರಡ್ಕೊಂಡು ನೆಲ ತಬ್ಬುತ್ತೆ. ಹದಿನೈದಕ್ಕಿಂತ ಕೆಳಗೆ ಹೋಗ್ಬೇಡಿ, ಟೈರು ಚಕ್ರ ಬಿಟ್ಟು ಕಳಚ್ಕೊಳ್ಳುತ್ತೆ."

ಸ್ಟೆಪ್ನಿಯೂ ಸೇರಿ ಐದು ಟೈರು ಹಾಕಿಸಿದಳು. ಗಾಳಿ ಅಳೆಯುವ ಮೀಟರು, ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಪಂಪು ಕೂಡ ಕೊಂಡಳು. ಆಮೇಲಿನ ಮೂರು ವಾರ ಊರಿನ ಇಟ್ಟಿಗೆ ಗೂಡಿನ ಹಿಂದಿನ ಕೆಸರು ಗದ್ದೆಗೆ ಹೋಗಿ, ಮರಳಿನ ಮೂಟೆ ಹೇರಿಕೊಂಡು, ಗಾಳಿ ಇಳಿಸಿ ಓಡಿಸಿದಳು, ಹುಗಿಸಿಕೊಂಡಳು, ಹೊರಗೆ ಬಂದಳು. ಮೈತುಂಬ ಕೆಸರಾಗಿ ಮನೆಗೆ ಬಂದರೆ ಅತ್ತಿಗೆ ಹಿತ್ತಿಲಲ್ಲೇ ನಿಲ್ಲಿಸಿ ಕೊಡದಿಂದ ನೀರು ಸುರಿಯುತ್ತಿದ್ದಳು. "ಕೈ ಕೆಸರಾದ್ರೆ ಬಾಯಿ ಮೊಸರು ಅಂದ್ರು, ಕಿವಿಯೊಳಗೂ ಆಗ್ಬೇಕು ಅಂತ ಯಾರು ಹೇಳಿದ್ರೇ?" ಎನ್ನುತ್ತಿದ್ದಳು.

ಹೂ ಅರಳಿದ ಸುದ್ದಿ ಬಂದ ದಿನ ಬೆಳಗಿನಿಂದ ಸಂಜೆಯವರೆಗೂ ಮಳೆ ಹೊಯ್ದಿತು. ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಆಕಾಶ ತೊಳೆದಂತಿತ್ತು. ಜೇನಕ್ಕ ಇಪ್ಪತ್ನಾಲ್ಕು ಪೆಟ್ಟಿಗೆಗಳ ಬಾಗಿಲು ಮುಚ್ಚಿ, ಎರಡು ಅಂತಸ್ತಾಗಿ ಜೋಡಿಸಿ, ಹಗ್ಗ ಬಿಗಿದು ಹೊರಟಳು. ಪಕ್ಕದಲ್ಲಿ ಅಣ್ಣ. ಟಾರು ರಸ್ತೆ ಸದ್ದಿಲ್ಲದೆ ಕಳೆಯಿತು. ಎರಡು ಸಲ ನಿಲ್ಲಿಸಿ ನೋಡಿದಳು; ಜಾಲರಿಗಳ ಮೇಲೆ ಅಲ್ಲೊಂದು ಇಲ್ಲೊಂದು ನೊಣ.

ಸೋಪಿನ ಬುಡದಲ್ಲಿ ಆ ಇನ್ನೊಬ್ಬನ ಲಾರಿ ವಾಲಿಕೊಂಡು ನಿಂತಿತ್ತು. ಹಿಂದಿನ ಚಕ್ರಗಳು ಚರಂಡಿಯಲ್ಲಿ ಅರ್ಧ ಹುಗಿದಿದ್ದವು. ಲಾರಿಯವನು ಮೊಣಕಾಲವರೆಗೆ ಕೆಸರಾಗಿ ಕಲ್ಲಿನ ಮೇಲೆ ಕೂತಿದ್ದ.

"ವಾಪಸ್ ಹೋಗಿ ಜೇನಕ್ಕ. ಟ್ರ್ಯಾಕ್ಟರಿನವನು ಮಧ್ಯಾಹ್ನ ಬರ್ತಾನಂತೆ. ಇವತ್ತು ಇದನ್ನ ಹತ್ತೋದು ಗೋಡೆ ಹಲ್ಲಿಗೆ ಮಾತ್ರ ಸಾಧ್ಯ."

ಮಧ್ಯಾಹ್ನ ಎಂಬ ಮಾತು ಕೇಳಿ ಜೇನಕ್ಕನಿಗೆ ಹೋದ ವರ್ಷದ ಆರು ಪೆಟ್ಟಿಗೆ ನೆನಪಾದವು. ಜೀಪಿನಿಂದ ಇಳಿದು, ಒಂದು ಕೋಲು ಹಿಡಿದು ಏರಿನ ಉದ್ದಕ್ಕೂ ನಡೆದಳು. ಹತ್ತು ಹೆಜ್ಜೆಗೊಮ್ಮೆ ಕೋಲು ಊರಿ ನೋಡಿದಳು. ನಾಲ್ಕು ಬೆರಳು ಮೆತ್ತಗೆ, ಆಮೇಲೆ ಠಕ್ ಎಂದು ಗಟ್ಟಿ. ಕೆಳಗೆ ಬಂದು ಅಣ್ಣನಿಗೆ ಮೀಟರು ಕೊಟ್ಟಳು. ಇಬ್ಬರೂ ಸೇರಿ ನಾಲ್ಕೂ ಟೈರಿನ ಗಾಳಿಯನ್ನು ಹದಿನೆಂಟಕ್ಕೆ ಇಳಿಸಿದರು.

ಮೊದಲ ಸಲ ಅರ್ಧದವರೆಗೆ ಹೋಯಿತು. ಅಲ್ಲಿ ಚಕ್ರ ಜಾರಿ ಜೀಪಿನ ಬಾಲ ಚರಂಡಿಯ ಕಡೆ ಸರಿಯತೊಡಗಿತು.

"ಒತ್ತು! ಇನ್ನೂ ಒತ್ತು!" ಎಂದು ಅಣ್ಣ ಕಿರುಚಿದ.

ಹೋದ ವರ್ಷ ಅವಳು ಮಾಡಿದ್ದು ಅದನ್ನೇ. ಈ ಸಲ ಕಾಲು ತೆಗೆದಳು. ಗಾಡಿ ನಿಂತಿತು. ರಿವರ್ಸ್ ಹಾಕಿ, ತನ್ನದೇ ಚಕ್ರದ ಜಾಡಿನಲ್ಲಿ ನೇರವಾಗಿ ಬುಡದವರೆಗೆ ಇಳಿಸಿದಳು.

"ಹದಿನಾರು ಮಾಡು ಅಣ್ಣಾ."

ಅಣ್ಣ ಮೀಟರು ಹಿಡಿದು ಇಳಿದ.

ಎರಡನೇ ಸಲ ಅವಳು ನಿಧಾನವಾದರೂ ಹೆಚ್ಚು ಬಲ ಕೊಡುವ ಗೇರಿನಲ್ಲಿ ಶುರುವಿನಿಂದಲೇ ಒಂದೇ ಹದದಲ್ಲಿ ಬಿಟ್ಟಳು. ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಲ ಜಾರಿದ ಜಾಗ ಬಂದಾಗ ಸ್ಟೀರಿಂಗನ್ನು ಎಡಕ್ಕೊಂದು ಚೂರು ಬಲಕ್ಕೊಂದು ಚೂರು ಆಡಿಸಿದಳು. ಟೈರಿನ ಒರಟು ಅಂಚು ಜೇಡಿಯನ್ನು ಕೆರೆದು ಕೆರೆದು ನೆಲ ಹುಡುಕಿತು. ಹಲ್ಲಿನ ಸಂದಿನಿಂದ ಕೆಸರಿನ ಮುದ್ದೆಗಳು ಸಿಡಿದು ಕಿಟಕಿಗೆ ಬಡಿದವು. ಒಂದು ಕ್ಷಣ ಜೀಪು ನಿಂತೇಬಿಟ್ಟಿತು ಅನ್ನಿಸಿತು. ಅವಳು ಕಾಲು ಅಲುಗಿಸಲಿಲ್ಲ. ಟೈರು ಕಚ್ಚಿತು. ಜೀಪಿನ ಮೂಗು ಮೇಲಾಯಿತು, ಆಮೇಲೆ ಆಕಾಶ ಕಂಡಿತು, ಆಮೇಲೆ ಆಕಾಶದ ಕೆಳಗೆ ಬೆಟ್ಟದ ಮೇಲಿನ ಸಮತಟ್ಟು ದಾರಿ.

ಅಣ್ಣ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೆಳಗಿದ್ದ ಲಾರಿಯವನಿಗೆ ಕೇಳಿಸುವಂತೆ ಕೂಗಿದ: "ನನ್ನ ತಂಗಿ ಕಣಯ್ಯಾ! ನನ್ನ ತಂಗಿ!"

ತೋಟದಲ್ಲಿ ಮರಗಳೆಲ್ಲ ಬೆಳ್ಳಗಾಗಿದ್ದವು. ಪೆಟ್ಟಿಗೆಗಳನ್ನು ಸಾಲಾಗಿಟ್ಟು ಬಾಗಿಲು ತೆಗೆದಾಗ ನೊಣಗಳು ಒಂದು ಗಳಿಗೆ ಹೊಸ್ತಿಲಲ್ಲಿ ನಿಂತು ದಿಕ್ಕು ನೋಡಿದವು. ಆಮೇಲೆ ಗುಂಪುಗುಂಪಾಗಿ ಹಾರಿದವು. ಇಪ್ಪತ್ನಾಲ್ಕೂ ಪೆಟ್ಟಿಗೆ ಜೀವಂತವಾಗಿದ್ದವು. ಅಧ್ಯಕ್ಷೆ ಬಂದು ಜೇನಕ್ಕನ ಕೆಸರು ಕೈಯನ್ನೇ ಹಿಡಿದು ಕುಲುಕಿದರು.

"ಮಾತು ಅಂದ್ರೆ ಮಾತು. ಬೆಟ್ಟ ನಿಮ್ದು."

"ಇರಿ, ಬಂದೆ" ಎಂದು ಜೇನಕ್ಕ ಜೀಪು ಹತ್ತಿದಳು.

"ಎಲ್ಲಿಗೆ?" ಎಂದ ಅಣ್ಣ.

"ಕೆಳಗೆ. ಆ ಲಾರೀಲಿ ನಲವತ್ತೆಂಟು ಪೆಟ್ಟಿಗೆ ಇದೆ. ಬಿಸಿಲು ಏರ್ತಿದೆ. ಅವನು ನನಗೆ ಪೈಪೋಟಿ ಇರಬಹುದು, ಅವನ ನೊಣಗಳು ನನಗೇನು ಮಾಡಿವೆ?"

ಅಣ್ಣ ಪಕ್ಕದಲ್ಲಿ ಬಂದು ಕೂತ.

ಎರಡು ಸಲ ಇಳಿದು ಎರಡು ಸಲ ಹತ್ತಿದಳು. ಸಲಕ್ಕೆ ಇಪ್ಪತ್ನಾಲ್ಕು. ಎರಡನೇ ಸಲಕ್ಕೆ ಸೋಪು ಅವಳಿಗೆ ಎಷ್ಟು ಪಳಗಿತ್ತೆಂದರೆ, ನಡುವೆಯೇ ಅಣ್ಣನ ಜೊತೆ ಹರಟೆ ಹೊಡೆಯುತ್ತ ಬಂದಳು. ಹನ್ನೊಂದು ಗಂಟೆಯ ಹೊತ್ತಿಗೆ ಲಾರಿಯ ಕೊನೆಯ ಪೆಟ್ಟಿಗೆಯ ಬಾಗಿಲೂ ತೆರೆದುಕೊಂಡಿತ್ತು. ಲಾರಿಯವನು ತನ್ನ ನೊಣಗಳು ಹೂವಿಗೆ ಹಾರುವುದನ್ನು ನೋಡುತ್ತ ನಿಂತಿದ್ದ. ಆಮೇಲೆ ಅವಳ ಹತ್ತಿರ ಬಂದು ಟೋಪಿ ತೆಗೆದ.

"ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ ಅಕ್ಕಾ."

"ಮುಂದಿನ ವರ್ಷದ ಮಾತು ಹೇಳು" ಎಂದಳು ಜೇನಕ್ಕ. "ಏರಿನ ಬುಡದ ತನಕ ನಿನ್ನ ಲಾರಿ. ಅಲ್ಲಿಂದ ಮೇಲಕ್ಕೆ ನನ್ನ ಜೀಪು. ನಿಂದೂ ಬರಲಿ, ನಂದೂ ಬರಲಿ, ಮರಗಳೇನು ಕಡಿಮೆ ಇವೆಯಾ?" ಅಧ್ಯಕ್ಷೆಯ ಕಡೆ ತಿರುಗಿದಳು. "ಬೆಟ್ಟ ನಂದು ಅಂದ್ರಲ್ಲ, ಇದು ನನ್ನ ಕಾಯ್ದೆ. ಆಗಬಹುದಾ?"

"ಬೇಡ ಅನ್ನೋಕೆ ನನಗೆಲ್ಲಿದೆ ಧೈರ್ಯ?" ಎಂದು ಅಧ್ಯಕ್ಷೆ ನಕ್ಕರು. ಅವರು ನಕ್ಕಿದ್ದನ್ನು ತೋಟದವರು ಅಂದೇ ಮೊದಲು ನೋಡಿದ್ದಂತೆ.

ಇಳಿದು ಬಂದು ಟಾರು ರಸ್ತೆಯ ಅಂಚಿನಲ್ಲಿ ಪಂಪು ಹಚ್ಚಿದರು. ಟೈರುಗಳು ಒಂದೊಂದಾಗಿ ಬೆನ್ನು ನೆಟ್ಟಗೆ ಮಾಡಿಕೊಂಡವು. ಅಷ್ಟರಲ್ಲಿ ಟ್ರ್ಯಾಕ್ಟರಿನವನು ಬಂದ. ಅಣ್ಣ ಅವನನ್ನು ಬಿಡದೆ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದ: ಅಗಲದ ಟೈರು ಯಾಕೆ ತೇಲುತ್ತದೆ, ಗಾಳಿ ಯಾಕೆ ಇಳಿಸಬೇಕು, ಜಾರಿದಾಗ ಕಾಲು ಯಾಕೆ ತೆಗೆಯಬೇಕು. ಹುಟ್ಟಿದಾಗಿನಿಂದ ತನಗೆ ಇದೆಲ್ಲ ಗೊತ್ತಿತ್ತು ಎಂಬಂತೆ ಹೇಳಿದ. ಜೇನಕ್ಕ ಒಂದು ಮಾತೂ ತಿದ್ದಲಿಲ್ಲ.

ಆಮೇಲೆ ಸ್ಟೀರಿಂಗ್ ಮುಂದೆ ಕೂತು, ಕಿಟಕಿಯ ಗಾಜು ಪೂರ್ತಿ ಇಳಿಸಿ, ಖಾಲಿ ಜೀಪನ್ನು ರಸ್ತೆಗೆ ಬಿಟ್ಟಳು. ಸ್ವಲ್ಪ ದೂರ ಹೋಗುತ್ತಿದ್ದಂತೆ ಗಂಟಲೆತ್ತಿ ಹಾಡತೊಡಗಿದಳು. ಅವಳಿಗೆ ಶ್ರುತಿ, ತಾಳ ಎರಡೂ ಇರಲಿಲ್ಲ. ಅಣ್ಣ ಕಿವಿ ಮುಚ್ಚಿಕೊಂಡ. ಎರಡು ತಿರುವು ಕಳೆದ ಮೇಲೆ ಅವನೂ ದನಿಗೂಡಿಸಿದ.