ಮೀನಿನ ತೊಟ್ಟಿಯಲ್ಲಿ ಮೇಲ್ದವಡೆ

ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ಆಕೆಯ ಕೆಲಸ. ಮುಂದಿನ ಕೋಣೆಯ ಮೀನಿನ ತೊಟ್ಟಿಯನ್ನು ಸಿಂಗರಿಸುವುದು ಯಾರ ಕೆಲಸವೂ ಅಲ್ಲ. ಆದರೂ ಬಂದವರಿಗೆ ಚೀಟಿ ಬರೆದುಕೊಡುವ ಆಸಾಮಿ ಅದನ್ನು ತಲೆಗೆ ಹಚ್ಚಿಕೊಂಡಿದ್ದ. ಎಲ್ಲರ ಬಾಯಲ್ಲೂ ಅವನು ಮೀನಪ್ಪ. ಒಡೆದ ಕಪ್ಪಿನಿಂದ ಗುಹೆ ಮಾಡಿದ, ಬಾಟಲಿ ಮುಚ್ಚಳಗಳಿಂದ ಮೆಟ್ಟಿಲು ಮಾಡಿದ. ಆಕೆಯ ಡಬ್ಬದಿಂದ ಪ್ಲಾಸ್ಟರು ಎಗರಿಸಿ ಬೆಟ್ಟ ಮಾಡಿ ಇಳಿಸಿದ ದಿನವಂತೂ ನೀರೆಲ್ಲ ಸುಣ್ಣದ ಬಣ್ಣಕ್ಕೆ ತಿರುಗಿತು. ಮೀನುಗಳು ಬದುಕಿದ್ದು ಅವುಗಳ ಪುಣ್ಯ.

ಶನಿವಾರ ಸಂಜೆಯೂ ಬಂದು ನಿಂತ.

"ಅಕ್ಕಾ, ವಸಡಿಗೆ ಹಾಕೋ ಆ ಗುಲಾಬಿ ಬಣ್ಣದ್ದು ಏನಾದ್ರೂ ಉಳಿದಿದ್ರೆ ಕೊಡಿ. ಒಂದು ಕಮಾನು ಮಾಡ್ತೀನಿ. ಮೀನು ಅದರೊಳಗೆ ನುಸುಳ್ಕೊಂಡು ಹೋಗ್ಬೇಕು, ಅಷ್ಟೇ."

ಬೆಳಿಗ್ಗೆಯಿಂದ ಇದೇ ರಾಗ ಕೇಳಿ ಕೇಳಿ ಆಕೆಗೆ ಸಾಕಾಗಿಹೋಗಿತ್ತು. ತಲೆ ಎತ್ತದೆ ಹೇಳಿದಳು: "ಕೆಟ್ಟುಹೋಗಿರೋದೆಲ್ಲ ಆ ತಟ್ಟೇಲಿದೆ. ತಗೊಂಡು ತೊಲಗು ಮಹಾರಾಯ!"

ಮೇಜಿನ ಮೇಲಿದ್ದದ್ದು ಎರಡು ತಟ್ಟೆ.

ಸೋಮವಾರ ನೋಡಿದರೆ ಹರಾಜಿನಜ್ಜನ ಸೆಟ್ಟು ಇಲ್ಲ! ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಅಜ್ಜ ಅವರು. ಮೇಲಿನ ಹಲ್ಲುಗಳೆಲ್ಲ ಹೋದ ಮೇಲೆ ಮಾತು ಸೋರತೊಡಗಿ, ವ್ಯಾಪಾರಿಗಳು ಅಣಕಿಸಿದ್ದಕ್ಕೆ ನಾಚಿಕೊಂಡು ಮನೆ ಸೇರಿದ್ದರು. ಮಂಗಳವಾರ ಬೆಳಿಗ್ಗೆ ಹರಾಜಿನ ಕಟ್ಟೆ ಹತ್ತದಿದ್ದರೆ ಆ ಜಾಗ ಇನ್ನೊಬ್ಬನ ಪಾಲು. "ಸೋಮವಾರ ನಿಮ್ಮ ಬಾಯಲ್ಲಿ ಹಲ್ಲಿರುತ್ತೆ" ಎಂದು ಈಕೆ ಮಾತು ಕೊಟ್ಟಿದ್ದಳು.

ಕೋಣೆಯನ್ನೆಲ್ಲ ಜಾಲಾಡಿ, ಯಾಕೋ ಅನುಮಾನ ಬಂದು ಮುಂದಕ್ಕೆ ಓಡಿದಳು. ತೊಟ್ಟಿಯ ಮರಳಿನಲ್ಲಿ ಸೆಟ್ಟು ನೆಟ್ಟಗೆ ನಿಂತಿತ್ತು. ಅದರ ಅಂಗುಳದ ತುಂಬ ರವೆಯಷ್ಟು ಸಣ್ಣ ಮೊಟ್ಟೆಗಳು. ಗಂಡು ಹೆಣ್ಣು ಮೀನುಗಳೆರಡೂ ಕಾವಲು. ಕೈ ಹಾಕಿದರೆ ಬೆರಳಿಗೇ ಕಚ್ಚಿದವು.

ಮೀನಪ್ಪ ಹಲ್ಲು ಕಿರಿಯುತ್ತಾ ಬಂದ. "ನಾನು ಬರೀ ಕಮಾನು ಕೇಳಿದ್ದೆ ಅಕ್ಕಾ, ನೀವು ಹಲ್ಲು ಸಮೇತ ಕೊಟ್ರಿ!"

"ಅದು ಹರಾಜಿನಜ್ಜನ ಬಾಯಿ ಕಣೋ, ದರಿದ್ರದವನೇ!"

ಹಿಂದೆ ಯಾರೋ ಕೆಮ್ಮಿದರು. ಹರಾಜಿನಜ್ಜನೇ. ಆಕೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಿಟ್ಟು ಮೀನಪ್ಪನ ಮೇಲೋ, ತಲೆ ಎತ್ತಿ ನೋಡದ ತನ್ನ ಮೇಲೋ, ಅದೂ ತಿಳಿಯಲಿಲ್ಲ.

"ಒಂದೇ ನಿಮಿಷ ಅಜ್ಜ, ತೆಗೆದು ತೊಳೆದು ಕೊಡ್ತೀನಿ."

ಅಜ್ಜ ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿದರು. "ಬೇಡ ತಾಯಿ. ಸಂಸಾರ ಹೂಡಿಬಿಟ್ಟಿವೆ."

ಕೆನ್ನೆ ಹಿಡಿದು ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಜ್ಜನ ಮುಖ ಕೆಂಪೇರಿತು. ಹೊರಟೇಬಿಡುತ್ತಾರೆ ಎಂದು ಆಕೆ ಹೆದರಿದಳು. ಅವರು ಬೆಂಚು ಹತ್ತಿ ನಿಂತರು.

"ನಗ್ತೀರಾ? ಹಾಗಾದ್ರೆ ದರ ಕೂಗ್ರಪ್ಪಾ! ಮೇಲ್ದವಡೆ ಒಂದು! ಹೊಚ್ಚ ಹೊಸದು! ಒಂದು ತುತ್ತೂ ಅಗಿದಿಲ್ಲ!"

ಮಾತಿನ ಅಂಚು ಮೊದಲಿನಷ್ಟು ಚೂಪಾಗಿರಲಿಲ್ಲ ನಿಜ, ಆದರೆ ಕಿಟಕಿಯ ಗಾಜು ನಡುಗಿತು. ಬಾಯಿ ಊದಿಕೊಂಡ ಒಬ್ಬ ಕೈ ಎತ್ತಿದ. ಮೂಲೆಯ ಹೆಂಗಸು ಅವನಿಗಿಂತ ಹೆಚ್ಚು ಕೂಗಿದಳು. ರಸ್ತೆಯಲ್ಲಿ ಹೋಗುತ್ತಿದ್ದವರೂ ಬಾಗಿಲಲ್ಲಿ ನಿಂತು ದರ ಏರಿಸಿದರು.

"ಒಂದು ಸಲ! ಎರಡು ಸಲ! ಇನ್ಯಾರಿದ್ದೀರಿ? ಮೂರು ಸಲ! ಮೀನಿಗೆ ಹೋಯ್ತು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜ ಮಾತ್ರ ಏದುಸಿರು ಬಿಡುತ್ತಾ, ನಂಬಲಾಗದವರ ಹಾಗೆ ಆಕೆಯ ಕಡೆ ತಿರುಗಿದರು.

"ಹಲ್ಲಿಲ್ದಿದ್ರೂ ನಾನಂದಿದ್ದೆಲ್ಲ ಗೊತ್ತಾಯ್ತಾ ತಾಯಿ?"

"ರಸ್ತೆವರೆಗೂ ಗೊತ್ತಾಯ್ತು ಅಜ್ಜ."

ಅಜ್ಜ ಸರಸರನೆ ಬೆಂಚಿಳಿದು ಹೊರಟರು. "ಹೊಸ ಸೆಟ್ಟಿಗೆ ಬರೋ ವಾರ ಬನ್ನಿ ಅಜ್ಜ! ನಿಮ್ಮನ್ನೇ ಕೂಗ್ತಿರೋದು!" ಎಂದು ಆಕೆ ಬಾಗಿಲಿಗೆ ಬಂದು ಗಂಟಲು ಹರಿದುಕೊಂಡಳು. ಅವರು ಆಗಲೇ ರಸ್ತೆ ದಾಟಿ ಮಾರುಕಟ್ಟೆಯ ದಾರಿ ಹಿಡಿದಿದ್ದರು.